ಮಾತ್ರೆ ಮಾತ್ರೆ ಕೂಡಿದಾಗ

ಡಾಕ್ಟರು ಚೀಟಿ ಬರೆದು ಕೈಗಿಟ್ಟ ಮಾತ್ರಕ್ಕೆ ನಮ್ಮ ಕಡೆಯ ರೋಗಿ ಕುರ್ಚಿ ಬಿಟ್ಟು ಏಳುವುದಿಲ್ಲ. ‘ಬದನೆಕಾಯಿ ತಿನ್ನಬಹುದಾ ಸಾರ್?’ ಎಂದು ಕೇಳುತ್ತಾನೆ. ತಿನ್ನಿ ಎಂದರೆ ಅವನಿಗೆ ಸಮಾಧಾನವಿಲ್ಲ. ‘ಆಲೂಗಡ್ಡೆ?’ ಅದನ್ನೂ ತಿನ್ನಿ. ‘ಹಸಿ ಕೊಬ್ಬರಿ? ರಾತ್ರಿ ಹೊತ್ತು ಮೊಸರು?’ ಏನನ್ನೂ ಬಿಡಿಸದ ಡಾಕ್ಟರು ಎಂಥ ಡಾಕ್ಟರು ಎಂಬ ಅನುಮಾನ ಅವನ ಮುಖದಲ್ಲಿ ಮೂಡತೊಡಗುತ್ತದೆ. ಹೊರಗೆ ಕಾಯುವವರ ಗೊಣಗಾಟ ಜೋರಾದಾಗ ಡಾಕ್ಟರು ಸೋತು, ‘ಆಯ್ತಪ್ಪಾ, ಬದನೆಕಾಯಿ ಒಂದು ವಾರ ಬಿಡಿ’ ಎನ್ನುತ್ತಾರೆ. ರೋಗಿ ಅಲ್ಲೇ ಅರ್ಧ ಗುಣವಾಗಿ ಎದ್ದು ಹೋಗುತ್ತಾನೆ.

ಪಥ್ಯದ ಮೇಲೆ ನಮಗಿರುವ ಶ್ರದ್ಧೆ ಇಂದು ನಿನ್ನೆಯದಲ್ಲ. ಚರಕ ಸಂಹಿತೆಯಲ್ಲಿ ವಿರುದ್ಧಾಹಾರದ ದೊಡ್ಡ ಚರ್ಚೆಯೇ ಇದೆ. ಹಾಲಿನ ಜೊತೆ ಮೀನು ಕೂಡದು, ಜೇನು ತುಪ್ಪ ಎರಡನ್ನೂ ಸಮತೂಕದಲ್ಲಿ ಬೆರೆಸಕೂಡದು. ಒಂದೊಂದೂ ಬೇರೆಬೇರೆಯಾಗಿ ಒಳ್ಳೆಯದೇ, ಕೂಡಿದರೆ ಕೆಡುಕು ಎಂಬ ಯೋಚನೆ ನಮ್ಮ ಅಜ್ಜಿಯಂದಿರಿಗೆ ಶಾಲೆಗೆ ಹೋಗದೆಯೇ ಗೊತ್ತಿತ್ತು. ಅಜ್ಜಿ ಒಮ್ಮೆ ‘ಅದು ನಂಜು’ ಎಂದರೆ ಮುಗಿಯಿತು, ಆ ತೀರ್ಪಿಗೆ ಮೇಲ್ಮನವಿ ಇರಲಿಲ್ಲ. ಆದರೆ ವಿಚಿತ್ರ ನೋಡಿ, ಬದನೆಕಾಯಿಯನ್ನು ಕಟಕಟೆಗೆ ನಿಲ್ಲಿಸಿ ವಿಚಾರಣೆ ನಡೆಸುವ ಅದೇ ಮನುಷ್ಯ, ತನ್ನ ಅಂಗಿಯ ಜೇಬಿನಲ್ಲಿರುವ ಇನ್ನೊಂದು ಸ್ಟ್ರಿಪ್ಪಿನ ಸುದ್ದಿಯನ್ನೇ ಎತ್ತುವುದಿಲ್ಲ. ತರಕಾರಿಗೂ ಮಾತ್ರೆಗೂ ಆಗಿಬರದೆ ಹೋಗಬಹುದು ಎಂದು ಅವನಿಗೆ ಗೊತ್ತು. ಮಾತ್ರೆಗೂ ಮಾತ್ರೆಗೂ ಆಗದೆ ಹೋಗಬಹುದು ಎಂಬುದು ಮಾತ್ರ ಹೊಳೆಯುವುದಿಲ್ಲ. ಎರಡನ್ನೂ ಡಾಕ್ಟರೇ ಬರೆದದ್ದು ತಾನೆ! ಎರಡೂ ಬೆಳ್ಳಗೆ, ದುಂಡಗೆ ಇವೆ ತಾನೆ!

ನನ್ನ ಸೋದರಮಾವ ಒಬ್ಬರಿದ್ದಾರೆ. ಎಪ್ಪತ್ತು ದಾಟಿದ ಮೇಲೆ ಅವರ ದೇಹ ಹಿಸ್ಸೆಯಾಗಿದೆ. ಎದೆ ಒಬ್ಬ ಡಾಕ್ಟರ ಪಾಲಿಗೆ, ಸಕ್ಕರೆ ಇನ್ನೊಬ್ಬರ ಪಾಲಿಗೆ, ಮಂಡಿಗಳೆರಡೂ ಮತ್ತೊಬ್ಬರ ಪಾಲಿಗೆ, ಕಣ್ಣು ಇನ್ನೂ ಒಬ್ಬರ ಪಾಲಿಗೆ ಬಂದಿವೆ. ಇಷ್ಟು ಸಾಲದೆಂದು ಬೀದಿಯ ಕೊನೆಯಲ್ಲಿರುವ ಹಳೆಯ ಡಾಕ್ಟರಲ್ಲಿಗೂ ಆಗಾಗ ಹೋಗಿಬರುತ್ತಾರೆ. ‘ಪಾಪ, ನಮ್ಮಮ್ಮನನ್ನ ನೋಡಿದವರು, ಬೇಜಾರು ಮಾಡ್ಕೋಬಾರದಲ್ಲ’ ಎಂಬುದು ಅದಕ್ಕೆ ಕಾರಣ. ಒಬ್ಬೊಬ್ಬ ಡಾಕ್ಟರ ಕಾಗದಪತ್ರಕ್ಕೂ ಒಂದೊಂದು ಸೀರೆ ಅಂಗಡಿಯ ಕವರು. ಎದೆಯ ಕವರು ಎದೆಯವರ ಹತ್ತಿರಕ್ಕೆ, ಮಂಡಿಯ ಕವರು ಮಂಡಿಯವರ ಹತ್ತಿರಕ್ಕೆ. ‘ಮಾವ, ಎಲ್ಲಾ ಕವರನ್ನೂ ಒಟ್ಟಿಗೇ ತಗೊಂಡು ಹೋಗಿ ಒಬ್ಬರಿಗೆ ತೋರಿಸಬಾರದಾ?’ ಎಂದು ಕೇಳಿದ್ದೆ. ಮಾವನಿಗೆ ಆಘಾತವೇ ಆಯಿತು. ‘ಚೆನ್ನಾಗಿರುತ್ತೇನೋ ಅದು? ಅವರೆದುರಿಗೆ ಇವರ ಚೀಟಿ ತೆಗೆದರೆ ಏನಂದ್ಕೋತಾರೆ? ನನ್ನ ಮೇಲೆ ನಂಬಿಕೆ ಇಲ್ಲ ಅಂತ ತಾನೆ?’

ಔಷಧಗಳ ಪರಸ್ಪರ ಕ್ರಿಯೆಯ ಬಗ್ಗೆ ದಪ್ಪ ದಪ್ಪ ಗ್ರಂಥಗಳಿವೆ. ಇಂಗ್ಲೆಂಡಿನ ಐವನ್ ಸ್ಟಾಕ್ಲಿ ಎಂಬ ಅಧ್ಯಾಪಕರು 1981ರಲ್ಲಿ ಹೊರತಂದ ಪುಸ್ತಕ ಆವೃತ್ತಿಯಿಂದ ಆವೃತ್ತಿಗೆ ಊದುತ್ತಾ ಹೋಗಿ ಈಗ ಎರಡು ಕೈಯಲ್ಲೂ ಎತ್ತಬೇಕಾದಷ್ಟಾಗಿದೆ. ಯಾವ ಮಾತ್ರೆಗೆ ಯಾವುದು ಆಗದು ಎಂಬುದೆಲ್ಲ ಅದರಲ್ಲಿದೆ. ದಾಕ್ಷಿಣ್ಯದ ಬಗ್ಗೆ ಒಂದು ಅಧ್ಯಾಯ ಅದಕ್ಕೆ ಸೇರಬೇಕು ಎಂಬುದು ನನ್ನ ಅಭಿಪ್ರಾಯ.

ಮಾತ್ರೆಗಳ ಜೋಡಿಯ ಲೆಕ್ಕ ಶಾಲೆಯ ಮಕ್ಕಳೂ ಮಾಡಬಹುದಾದದ್ದು. ಎರಡು ಮಾತ್ರೆ ಇದ್ದರೆ ಒಂದೇ ಜೋಡಿ. ಐದಿದ್ದರೆ 10 ಜೋಡಿ. ಮಾವನಂತೆ ದಿನಕ್ಕೆ ಒಂಬತ್ತು ಬಗೆ ನುಂಗುವವರ ಹೊಟ್ಟೆಯಲ್ಲಿ 36 ಜೋಡಿಗಳಾಗುತ್ತವೆ. ಹಾಗೆಂದು ಹೆದರಬೇಕಾಗಿಲ್ಲ. ಈ ಜೋಡಿಗಳಲ್ಲಿ ಹೆಚ್ಚಿನವು ಒಂದನ್ನೊಂದು ತಿರುಗಿಯೂ ನೋಡದೆ ತಮ್ಮ ಪಾಡಿಗೆ ತಾವು ಕೆಲಸ ಮುಗಿಸಿ ಹೊರಟುಹೋಗುತ್ತವೆ. ಎಷ್ಟೋ ಮಾತ್ರೆಗಳನ್ನು ಬೇಕೆಂದೇ ಜೋಡಿಯಾಗಿ ಬರೆದಿರುತ್ತಾರೆ. ತೊಂದರೆ ಕೊಡುವ ಜೋಡಿ ಒಂದೋ ಎರಡೋ. ಅದು ಯಾವುದೆಂದು ತಿಳಿಯಬೇಕಾದರೆ ಎಲ್ಲ ಕವರುಗಳೂ ಒಂದು ಮೇಜಿನ ಮೇಲೆ ಬರಬೇಕು, ಅಷ್ಟೆ.

ಬೆಳಗಿನ ವಾಕಿಂಗ್ ಮುಗಿಸಿ ಪಾರ್ಕಿನ ಕಲ್ಲುಬೆಂಚಿನ ಮೇಲೆ ಕೂರುವ ಹಿರಿಯರ ಗುಂಪು ಈ ಲೆಕ್ಕವನ್ನು ಇನ್ನಷ್ಟು ಜಟಿಲಗೊಳಿಸುತ್ತದೆ. ಅಲ್ಲಿ ರಾಜಕೀಯದ ನಂತರ ಚರ್ಚೆಗೆ ಬರುವುದು ಮಂಡಿನೋವು. ‘ನನಗೆ ಇದು ಚೆನ್ನಾಗಿ ಹಿಡಿಸಿತು, ನೀವೂ ಒಂದು ತಗೊಂಡು ನೋಡಿ’ ಎಂದು ಜೇಬಿನಿಂದ ಸ್ಟ್ರಿಪ್ ತೆಗೆದು, ಎರಡು ಮಾತ್ರೆಗಳನ್ನು ಕತ್ತರಿಸಿ ಕೊಡುವವರಿದ್ದಾರೆ. ಕೊಡುವವರಿಗೆ ಪುಣ್ಯ ಬೇಕು, ಪಡೆಯುವವರಿಗೆ ಡಾಕ್ಟರ ಫೀಸು ಉಳಿಯಬೇಕು. ಆದರೆ ಪಡೆದವರು ಹೃದಯಕ್ಕೆಂದು ದಿನವೂ ಸಣ್ಣ ಆಸ್ಪಿರಿನ್ ತೆಗೆದುಕೊಳ್ಳುವವರಾಗಿ, ಕೊಟ್ಟದ್ದು ಐಬುಪ್ರೊಫೆನ್ ಆಗಿದ್ದರೆ ಏನಾಗುತ್ತದೆ? ರಕ್ತದ ಪ್ಲೇಟ್‌ಲೆಟ್ಟುಗಳಲ್ಲಿ ಆಸ್ಪಿರಿನ್ ಹೋಗಿ ಅಂಟಿಕೊಳ್ಳಬೇಕಾದ ಜಾಗದಲ್ಲಿ ಐಬುಪ್ರೊಫೆನ್ ಮೊದಲೇ ಕೂತುಬಿಡುತ್ತದೆ. ಆಸ್ಪಿರಿನ್ ಬಂದು, ಜಾಗವಿಲ್ಲದೆ, ಸ್ವಲ್ಪ ಹೊತ್ತಿನಲ್ಲಿ ರಕ್ತದಿಂದಲೇ ಮಾಯವಾಗುತ್ತದೆ. ಐಬುಪ್ರೊಫೆನ್ ಆಮೇಲೆ ಆರಾಮಾಗಿ ಎದ್ದು ಹೋಗುತ್ತದೆ. ಆಸ್ಪಿರಿನ್ ನುಂಗಿದ್ದೂ ನಿಜ, ನುಂಗದಂತೆಯೇ ಆದದ್ದೂ ನಿಜ. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2006ರಲ್ಲೇ ಈ ಜೋಡಿಯ ಬಗ್ಗೆ ಎಚ್ಚರಿಕೆ ಕೊಟ್ಟಿದೆ. ಆ ಸುದ್ದಿ ನಮ್ಮ ಕಲ್ಲುಬೆಂಚನ್ನು ಇನ್ನೂ ತಲುಪಿಲ್ಲ.

ಎಲ್ಲ ಜಗಳವೂ ಹೀಗೆ ಜಾಗಕ್ಕಾಗಿಯೇ ನಡೆಯುವುದಿಲ್ಲ. ಹೆಚ್ಚಿನ ರಾಮಾಯಣ ನಡೆಯುವುದು ಪಿತ್ತಜನಕಾಂಗದಲ್ಲಿ. ಮದುವೆ ಛತ್ರದಲ್ಲಿ ಎಲೆ ಎತ್ತುವವರನ್ನು ನೆನೆಸಿಕೊಳ್ಳಿ. ಒಂದು ಪಂಕ್ತಿ ಎದ್ದ ಕೂಡಲೇ ಅವರು ಎಲೆ ಬಳಿದು, ನೆಲ ಒರೆಸಿ, ಮುಂದಿನ ಪಂಕ್ತಿಗೆ ಜಾಗ ಮಾಡಿಕೊಡುತ್ತಾರೆ. ವಧೂವರರನ್ನು ಮರೆತರೂ ನಡೆದೀತು, ಎಲೆ ಎತ್ತುವವರನ್ನು ಮರೆತರೆ ಊಟ ಸಾಗದು. ನಮ್ಮ ಪಿತ್ತಜನಕಾಂಗದಲ್ಲೂ ಕರುಳಿನ ಒಳಗೋಡೆಯಲ್ಲೂ ಸೈಟೋಕ್ರೋಮ್ ಪಿ450 ಎಂಬ ಕುಟುಂಬಕ್ಕೆ ಸೇರಿದ ಕಿಣ್ವಗಳು ಇದೇ ಕೆಲಸದಲ್ಲಿವೆ. ಕೆಲಸ ಮುಗಿಸಿದ ಔಷಧವನ್ನು ಒಡೆದು ಹೊರಗೆ ಸಾಗಿಸುವುದು ಅವುಗಳ ಉದ್ಯೋಗ. ಅವುಗಳಲ್ಲಿ 3ಎ4 ಎಂಬ ಸಂಖ್ಯೆಯ ಕಿಣ್ವವೊಂದೇ ನಾವು ನುಂಗುವ ಔಷಧಗಳ ದೊಡ್ಡದೊಂದು ಪಾಲನ್ನು ಎತ್ತಿಹಾಕುತ್ತದೆ. ಈಗ ಯಾವುದೋ ಒಂದು ಔಷಧ ಬಂದು ಎಲೆ ಎತ್ತುವವರನ್ನೆಲ್ಲ ಮಾತಿಗೆ ಹಿಡಿದು ನಿಲ್ಲಿಸಿತು ಎನ್ನಿ. ಎಲೆಗಳು ಅಲ್ಲೇ ಉಳಿದು, ಅವುಗಳ ಮೇಲೆ ಮುಂದಿನ ಪಂಕ್ತಿ ಬಂದು, ಒಂದು ಮಾತ್ರೆ ನುಂಗಿದವನ ರಕ್ತದಲ್ಲಿ ನಾಲ್ಕು ಮಾತ್ರೆಯಷ್ಟು ಸೇರುತ್ತದೆ. ಇನ್ನು ಕೆಲವು ಔಷಧಗಳ ಸ್ವಭಾವ ಇದಕ್ಕೆ ತದ್ವಿರುದ್ಧ. ಅವು ಎಲ್ಲೆಲ್ಲಿಂದಲೋ ಇನ್ನಷ್ಟು ಜನ ಎಲೆ ಎತ್ತುವವರನ್ನು ಕರೆಸುತ್ತವೆ. ಬಂದವರು ಸುಮ್ಮನಿರಲಾರದೆ, ಪಾಯಸ ಬಡಿಸುವ ಮೊದಲೇ ಎಲೆ ಎಳೆದೊಯ್ಯುತ್ತಾರೆ.

ಪಾಯಸಕ್ಕೆ ಮೊದಲೇ ಎಲೆ ಎಳೆಯುವವರಲ್ಲಿ ರಿಫಾಂಪಿಸಿನ್‌ನದೇ ಮೊದಲ ಹೆಸರು. ಕ್ಷಯರೋಗಕ್ಕೆ ಇದಿಲ್ಲದೆ ಆಗದು, ಕೋಟ್ಯಂತರ ಜೀವ ಉಳಿಸಿದ ಮಾತ್ರೆ. ಇದನ್ನು ಕೊಡುವಾಗ ಆರೋಗ್ಯ ಕಾರ್ಯಕರ್ತೆಯರು ‘ಮೂತ್ರ ಕಿತ್ತಳೆ ಬಣ್ಣಕ್ಕೆ ಬರುತ್ತೆ, ಗಾಬರಿಯಾಗಬೇಡಿ’ ಎಂದು ಮುಂಚೆಯೇ ಹೇಳಿರುತ್ತಾರೆ. ಬಣ್ಣದ ಸುದ್ದಿಗೆ ನಾಚಿಕೆಯಿಲ್ಲ. ಆದರೆ ಇದು ಗರ್ಭನಿರೋಧಕ ಮಾತ್ರೆಯನ್ನೂ ಎಲೆಸಮೇತ ಎತ್ತಿಬಿಡುತ್ತದೆ. 1970ರ ದಶಕದ ಆರಂಭದಲ್ಲಿ ಜರ್ಮನಿಯ ವೈದ್ಯರು, ಕ್ಷಯದ ಚಿಕಿತ್ಸೆಯಲ್ಲಿದ್ದ ಹೆಂಗಸರು ದಿನವೂ ತಪ್ಪದೆ ಮಾತ್ರೆ ನುಂಗಿಯೂ ಗರ್ಭಿಣಿಯರಾಗುತ್ತಿದ್ದಾರೆ ಎಂದು ಮೊದಲಿಗೆ ವರದಿ ಮಾಡಿದರು. ಅಲ್ಲಿಯವರೆಗೆ ಎಷ್ಟು ಮನೆಗಳಲ್ಲಿ ‘ನೀನು ಮರೆತೆ’, ‘ನಾನೇನೂ ಮರೆತಿಲ್ಲ’ ಎಂಬ ವಾಗ್ವಾದ ನಡೆದಿತ್ತೋ! ಈ ಎರಡನೆಯ ಸುದ್ದಿಯನ್ನು ಹೇಳಬೇಕಾದರೆ ಕಾರ್ಯಕರ್ತೆ ‘ನೀವು ಆ ಮಾತ್ರೆ ತಗೋತೀರಾ?’ ಎಂದು ಕೇಳಬೇಕು, ಅತ್ತೆ ಪಕ್ಕದಲ್ಲೇ ನಿಂತಿರುವಾಗ.

ಎಲೆ ಎತ್ತುವವರನ್ನು ಮಾತಿಗೆ ನಿಲ್ಲಿಸುವವುಗಳಲ್ಲಿ ಕೀಟೊಕೊನಜೋಲ್ ಎಂಬ ಶಿಲೀಂಧ್ರದ ಮಾತ್ರೆ ಪ್ರಸಿದ್ಧ. ಟರ್ಫೆನಾಡಿನ್ ಎಂಬ ಅಲರ್ಜಿ ಮಾತ್ರೆಯ ಜೊತೆ ಅದು ಮಾಡಿಕೊಂಡ ಎಡವಟ್ಟು ಔಷಧ ಚರಿತ್ರೆಯಲ್ಲಿ ಉಳಿದಿದೆ. ಆವರೆಗಿನ ಶೀತದ ಮಾತ್ರೆಗಳೆಲ್ಲ ತೂಕಡಿಸುವಂತೆ ಮಾಡುತ್ತಿದ್ದಾಗ, ನಿದ್ದೆ ಬಾರದ ಮಾತ್ರೆ ಎಂದು ಟರ್ಫೆನಾಡಿನ್ ಮನೆಮಾತಾಗಿತ್ತು. ಅದರ ಗುಟ್ಟೆಂದರೆ, ನುಂಗಿದ ಟರ್ಫೆನಾಡಿನ್ ಹೆಚ್ಚುಕಡಿಮೆ ಪೂರ್ತಿಯಾಗಿ ಒಡೆದು ಇನ್ನೊಂದು ವಸ್ತುವಾಗುತ್ತದೆ. ಅಲರ್ಜಿಯನ್ನು ತಡೆಯುವುದು ಆ ಇನ್ನೊಂದು. ಒಡೆಯದೆ ಉಳಿದ ಟರ್ಫೆನಾಡಿನ್ ಹೃದಯದ ಬಡಿತದ ತಾಳ ತಪ್ಪಿಸುತ್ತದೆ. 1990ರಲ್ಲಿ ಅಮೆರಿಕದ ವೈದ್ಯರು ಒಬ್ಬ ಮಹಿಳೆಯ ಕಥೆಯನ್ನು ಪ್ರಕಟಿಸಿದರು. ಟರ್ಫೆನಾಡಿನ್ ತೆಗೆದುಕೊಳ್ಳುತ್ತಿದ್ದಾಕೆ ಕೀಟೊಕೊನಜೋಲನ್ನೂ ನುಂಗಿ, ಮೂರ್ಛೆ ಬಿದ್ದು ಆಸ್ಪತ್ರೆ ಸೇರಿದ್ದಳು. ಒಬ್ಬಳೇ ಒಬ್ಬಳ ವರದಿ. ಆಮೇಲೆ ಹುಡುಕಿದಂತೆಲ್ಲ ಇನ್ನಷ್ಟು ಸಿಕ್ಕವು. 1998ರ ಹೊತ್ತಿಗೆ ಅಮೆರಿಕದಲ್ಲಿ ಟರ್ಫೆನಾಡಿನ್ ಮಾರಾಟ ನಿಂತಿತು. ಅದು ಒಡೆದು ಆಗುತ್ತಿದ್ದ ಆ ಇನ್ನೊಂದು ವಸ್ತುವನ್ನೇ ನೇರವಾಗಿ ಮಾತ್ರೆ ಮಾಡಿ ಮಾರತೊಡಗಿದರು. ಇಂದು ನಮ್ಮ ಮೆಡಿಕಲ್ ಸ್ಟೋರುಗಳಲ್ಲಿ ಸಿಗುವ ಫೆಕ್ಸೊಫೆನಾಡಿನ್ ಅದೇ.

ವರದಿಗಳು ಹೀಗೆ ಹುಟ್ಟುವ ಬಗೆ ನನಗೆ ಬಲು ಇಷ್ಟ. ಪ್ರಯೋಗಾಲಯಕ್ಕಿಂತ ಮೊದಲು ಅವು ಹುಟ್ಟುವುದು ಮನೆಗಳಲ್ಲಿ. 1963ರಲ್ಲಿ ಲಂಡನ್ನಿನ ಬ್ಯಾರಿ ಬ್ಲ್ಯಾಕ್‌ವೆಲ್ ಎಂಬ ಯುವ ಮನೋವೈದ್ಯರು, ಖಿನ್ನತೆಗೆ ಕೊಡುವ ಒಂದು ಬಗೆಯ ಮಾತ್ರೆಯಿಂದ ಕೆಲವರಿಗೆ ಇದ್ದಕ್ಕಿದ್ದಂತೆ ವಿಪರೀತ ತಲೆನೋವು ಬರುತ್ತಿರುವುದರ ಬಗ್ಗೆ ವೈದ್ಯಕೀಯ ಪತ್ರಿಕೆಗೆ ಬರೆದಿದ್ದರು. ಅದನ್ನು ಓದಿದ ನಾಟಿಂಗ್‌ಹ್ಯಾಮಿನ ಫಾರ್ಮಸಿಸ್ಟ್ ರೋವ್ ಎಂಬುವರು ಒಂದು ಕಾಗದ ಹಾಕಿದರು. ತನ್ನ ಹೆಂಡತಿಗೂ ಆ ಮಾತ್ರೆಯಿದೆ, ಅವಳಿಗೂ ಹೀಗೇ ತಲೆನೋವು ಬಂದಿತ್ತು, ಎರಡು ಸಲವೂ ಅವಳು ಚೀಸ್ ತಿಂದಿದ್ದಳು ಎಂದು. ಚೀಸಿಗೂ ತಲೆನೋವಿಗೂ ಎತ್ತಣ ಸಂಬಂಧ! ಬ್ಲ್ಯಾಕ್‌ವೆಲ್ಲರ ಸಹೋದ್ಯೋಗಿಗಳು ನಕ್ಕರು. ಆದರೆ ಬ್ಲ್ಯಾಕ್‌ವೆಲ್ ಬೆನ್ನು ಹತ್ತಿ ಹೋದರು, ಸ್ವತಃ ಮಾತ್ರೆ ನುಂಗಿ ಚೀಸ್ ತಿಂದೂ ನೋಡಿದರು, ಏನೂ ಆಗಲಿಲ್ಲ. ಕೊನೆಗೆ ಚೀಸ್ ತಿಂದ ರೋಗಿಗಳಲ್ಲಿ ರಕ್ತದೊತ್ತಡ ಏರುವುದನ್ನು ಕಣ್ಣಾರೆ ಕಂಡು ರೋವ್ ಅವರ ಮಾತನ್ನು ರುಜುವಾತು ಮಾಡಿದರು. ಹಳೆಯ ಚೀಸಿನಲ್ಲಿರುವ ಟೈರಮಿನ್ ಎಂಬ ವಸ್ತುವನ್ನು ಒಡೆಯುವ ಕಿಣ್ವಕ್ಕೇ ಆ ಮಾತ್ರೆ ಅಡ್ಡಗಟ್ಟುತ್ತಿತ್ತು. ಹೆಂಡತಿ ಏನು ತಿಂದಳು, ಯಾವಾಗ ತಲೆ ಹಿಡಿದು ಕೂತಳು ಎಂದು ಗಮನಿಸಿ ನೆನಪಿಟ್ಟ ಗಂಡ ಆತ. ಅಂಥವರ ಸಂಖ್ಯೆ ಹೆಚ್ಚಿದ್ದರೆ ವೈದ್ಯಶಾಸ್ತ್ರ ಇನ್ನೂ ಬೇಗ ಬೆಳೆಯುತ್ತಿತ್ತೇನೋ.

ಡೆನ್ಮಾರ್ಕಿನಲ್ಲಿ ಇನ್ನೊಂದು ತಮಾಷೆ ನಡೆಯಿತು. 1940ರ ದಶಕದಲ್ಲಿ ಕೋಪನ್‌ಹೇಗನ್ನಿನ ಹಾಲ್ಡ್ ಮತ್ತು ಯಾಕೊಬ್ಸೆನ್ ಎಂಬ ಇಬ್ಬರು, ಹೊಟ್ಟೆಹುಳಕ್ಕೆ ಮದ್ದಾಗಬಹುದೇ ಎಂದು ಡೈಸಲ್ಫಿರಾಮ್ ಎಂಬ ವಸ್ತುವನ್ನು ತಾವೇ ನುಂಗಿ ನೋಡುತ್ತಿದ್ದರು. ಹುಳದ ಸಂಗತಿ ಏನಾಯಿತೋ, ಸಣ್ಣದೊಂದು ಗ್ಲಾಸು ಮದ್ಯ ಕುಡಿದರೂ ಮುಖ ಕೆಂಪೇರಿ, ಎದೆ ಹೊಡೆದುಕೊಂಡು, ವಾಂತಿ ಬರುವಂತಾಯಿತು. ಒಬ್ಬರಿಗೇ ಆಗಿದ್ದರೆ ಊಟದಲ್ಲಿ ಏನೋ ಹೆಚ್ಚುಕಡಿಮೆಯಾಗಿದೆ ಎನ್ನುತ್ತಿದ್ದರು. ಇಬ್ಬರೂ ಹೋಲಿಸಿ ನೋಡಿದ್ದರಿಂದ ಗುಟ್ಟು ಹೊರಬಿತ್ತು. 1948ರ ಹೊತ್ತಿಗೆ ಅದು ಕುಡಿತ ಬಿಡಿಸುವ ಮಾತ್ರೆಯಾಗಿ ಪ್ರಪಂಚ ಸುತ್ತತೊಡಗಿತು. ಕೆಟ್ಟ ಜೋಡಿಯೊಂದನ್ನು ಬೇಕೆಂದೇ ಬಳಸಿಕೊಂಡ ಉದಾಹರಣೆ ಇದು. ಅದನ್ನು ಗಂಡನಿಗೆ ಗೊತ್ತಿಲ್ಲದಂತೆ ಸಾರಿನಲ್ಲಿ ಬೆರೆಸುವ ಗೃಹಿಣಿಯರ ಕಥೆಗಳನ್ನೂ ಕೇಳಿದ್ದೇನೆ. ಡಾಕ್ಟರುಗಳು ಖಂಡಿತ ಬೇಡ ಎನ್ನುತ್ತಾರೆ, ಪ್ರಾಣಕ್ಕೇ ಅಪಾಯವಾಗಬಹುದು.

ಮಾತ್ರೆಗೆ ಆಗಿಬರದ ಹಣ್ಣೂ ಉಂಟು, ಚಕ್ಕೋತಕ್ಕೆ ಬರೋಣ. ದೇವನಹಳ್ಳಿ ಚಕ್ಕೋತಕ್ಕೆ ಭೌಗೋಳಿಕ ಮಾನ್ಯತೆಯ ಗುರುತೂ ಇದೆ, ಉಪ್ಪು ಖಾರ ಹಚ್ಚಿ ತಿನ್ನುವ ಅಭಿಮಾನಿಗಳೂ ಇದ್ದಾರೆ. ಈ ಚಕ್ಕೋತಕ್ಕೂ ಕಿತ್ತಳೆಗೂ ಕೆರಿಬಿಯನ್ ದ್ವೀಪಗಳಲ್ಲಿ ಸಂಬಂಧ ಬೆಳೆದು ಹುಟ್ಟಿದ ಹಣ್ಣು ಗ್ರೇಪ್‌ಫ್ರೂಟ್. ಕೆನಡಾದ ಲಂಡನ್ ಎಂಬ ಊರಿನಲ್ಲಿ ಡೇವಿಡ್ ಬೈಲಿ ಎಂಬ ವಿಜ್ಞಾನಿ ಫೆಲೊಡಿಪಿನ್ ಎಂಬ ಬಿಪಿ ಮಾತ್ರೆಯನ್ನು ಮದ್ಯದೊಂದಿಗೆ ಕೊಟ್ಟರೆ ಏನಾಗುತ್ತದೆ ಎಂದು ಪರೀಕ್ಷಿಸಬೇಕಾಗಿತ್ತು. ಮದ್ಯ ಕೊಟ್ಟದ್ದು ಸ್ವಯಂಸೇವಕರಿಗೆ ಗೊತ್ತಾಗಬಾರದು, ಆದ್ದರಿಂದ ಅದರ ರುಚಿ ಮರೆಸುವ ಹಣ್ಣಿನ ರಸ ಬೇಕಿತ್ತು. ಒಂದು ಶನಿವಾರ ಸಂಜೆ ಮನೆಯ ಫ್ರಿಜ್ಜಿನಲ್ಲಿದ್ದ ರಸಗಳನ್ನೆಲ್ಲ ಒಂದೊಂದಾಗಿ ಬೆರೆಸಿ ರುಚಿ ನೋಡಿ ಗ್ರೇಪ್‌ಫ್ರೂಟನ್ನು ಆರಿಸಿದರು. ಆ ಶನಿವಾರ ಸಂಜೆ ಅವರ ಮನೆಯವರು ಏನಂದರೋ ದಾಖಲಾಗಿಲ್ಲ. ಫಲಿತಾಂಶ ಬಂದಾಗ ಎಲ್ಲರ ರಕ್ತದಲ್ಲೂ ಔಷಧ ನಿರೀಕ್ಷೆಗಿಂತ ಎಷ್ಟೋ ಪಟ್ಟು ಹೆಚ್ಚು. ಮದ್ಯ ಕುಡಿಯದೆ ಬರೀ ರಸ ಕುಡಿದವರಲ್ಲೂ ಹಾಗೆಯೇ. ಹಣ್ಣಿನಲ್ಲಿರುವ ಫ್ಯುರಾನೊಕುಮರಿನ್ ಎಂಬ ವಸ್ತುಗಳು ಕರುಳಿನ ಗೋಡೆಯಲ್ಲಿರುವ 3ಎ4 ಕಿಣ್ವವನ್ನು ಕೆಲಸಕ್ಕೆ ಬಾರದಂತೆ ಮಾಡುತ್ತವೆ, ಒಂದು ಲೋಟ ಕುಡಿದರೆ ಮರುದಿನದವರೆಗೂ ಅದರ ಪರಿಣಾಮ ಉಳಿಯುತ್ತದೆ. 1989ರಲ್ಲಿ ಇದು ಪ್ರಕಟವಾದಾಗ ಹೆಚ್ಚು ಜನ ನಂಬಲಿಲ್ಲ. ಇಂದು ಕೆಲವು ಬಿಪಿ ಮತ್ತು ಕೊಲೆಸ್ಟರಾಲ್ ಮಾತ್ರೆಗಳ ಜೊತೆಗೆ ಬರುವ ಕಾಗದದಲ್ಲೇ ಗ್ರೇಪ್‌ಫ್ರೂಟ್ ಬೇಡವೆಂದು ಅಚ್ಚಾಗಿರುತ್ತದೆ. ಅದರ ತಾಯಿಯಾದ ಚಕ್ಕೋತದಲ್ಲೂ ಅವೇ ವಸ್ತುಗಳಿವೆ ಎಂಬುದನ್ನು ಆ ಕಾಗದ ಹೇಳುವುದಿಲ್ಲ. ಬರೆದವರಿಗೆ ದೇವನಹಳ್ಳಿ ಗೊತ್ತಿಲ್ಲ. ಅಂದರೆ, ಬದನೆಕಾಯಿಯ ಬಗ್ಗೆ ಕೇಳುತ್ತಿದ್ದ ರೋಗಿ ತೀರಾ ದಡ್ಡನೇನಲ್ಲ. ತರಕಾರಿ ಬಿಟ್ಟು ಹಣ್ಣಿನ ಸಾಲಿಗೆ ಬಂದಿದ್ದರೆ ಡಾಕ್ಟರೇ ಯೋಚನೆಗೆ ಬೀಳುತ್ತಿದ್ದರು.

ನಮ್ಮಲ್ಲಿ ದಮ್ಮಿನವರಿಗೆ ಥಿಯೋಫಿಲಿನ್ ಸೇರಿದ ಮಾತ್ರೆಗಳು ಬಹುಕಾಲದ ಸಂಗಾತಿ. ಬೀಡಿ ಸೇದುವವರಲ್ಲಿ ಹೊಗೆಯ ದೆಸೆಯಿಂದ ಈ ಔಷಧ ಬೇಗ ಬೇಗ ಒಡೆದು ಹೋಗುತ್ತದೆ. ಡಾಕ್ಟರು ಸ್ವಲ್ಪ ಹೆಚ್ಚೇ ಕೊಟ್ಟಿರಬೇಕಾಗುತ್ತದೆ. ಮನೆಯವರ ಕಾಟ ತಾಳದೆ ಆತ ಒಂದು ದಿನ ಬೀಡಿ ಬಿಟ್ಟರೆ, ಅದೇ ಪ್ರಮಾಣ ಈಗ ಅತಿಯಾಗಿ, ಕೈ ನಡುಗಿ, ಎದೆ ಬಡಿದುಕೊಂಡು, ನಿದ್ದೆ ಹಾರಿಹೋಗುತ್ತದೆ. ‘ನೋಡಿ, ಬೀಡಿ ಬಿಟ್ಟಿದ್ದಕ್ಕೇ ಹೀಗಾಯ್ತು’ ಎಂದು ಆತ ಊರೆಲ್ಲ ಹೇಳಿಕೊಂಡು ಬರುತ್ತಾನೆ. ಅವನ ಮಾತು ನಿಜವೇ ಎಂಬುದು ಹೆಂಡತಿಯ ದುರದೃಷ್ಟ. ಬೀಡಿಗೆ ಮರಳಬೇಕಿಲ್ಲ, ಮಾತ್ರೆ ತಗ್ಗಿಸಿದರೆ ಸಾಕು ಎಂದು ಹೇಳಲು ಡಾಕ್ಟರಿಗೆ ಈ ಸುದ್ದಿ ತಲುಪಿರಬೇಕು. ಅದೇ ಮನುಷ್ಯನಿಗೆ ಜ್ವರ ಬಂದು ಸಿಪ್ರೊಫ್ಲಾಕ್ಸಸಿನ್ ಕೊಟ್ಟರೂ ಥಿಯೋಫಿಲಿನ್ ಹೀಗೆಯೇ ಏರುತ್ತದೆ. ಒಂದು ಬಂದರೂ ಏರುಪೇರು, ಇನ್ನೊಂದು ಹೋದರೂ ಏರುಪೇರು. ತಾನಾಗಿಯೇ ಒಂದು ಮಾತ್ರೆ ನಿಲ್ಲಿಸಿ ಜಾಣತನ ತೋರುವವರಿಗೆ ಇದು ಗೊತ್ತಿರುವುದಿಲ್ಲ.

ಮುಚ್ಚಿಡುವುದರಿಂದ ಏನಾಗಬಹುದು ಎಂಬುದಕ್ಕೆ ಜಪಾನಿನ ಸಂಗತಿಯನ್ನು ಹೇಳದೆ ಮುಂದೆ ಹೋಗಲಾರೆ. 1993ರಲ್ಲಿ ಅಲ್ಲಿ ಸರ್ಪಸುತ್ತಿಗೆ ಸೊರಿವುಡಿನ್ ಎಂಬ ಹೊಸ ಔಷಧ ಬಂತು. 5-ಫ್ಲೋರೊಯುರಾಸಿಲ್ ಬಗೆಯ ಕ್ಯಾನ್ಸರ್ ಔಷಧವನ್ನು ಒಡೆಯುವ ಕಿಣ್ವವನ್ನು ಅದು ಪೂರ್ತಿ ಸ್ತಬ್ಧಗೊಳಿಸುತ್ತಿತ್ತು. ಎರಡನ್ನೂ ತೆಗೆದುಕೊಂಡವರಲ್ಲಿ ಕೆಲವೇ ವಾರಗಳಲ್ಲಿ 15 ಮಂದಿ ಸತ್ತರು. ಕ್ಯಾನ್ಸರಿನ ಡಾಕ್ಟರು ಬರೆದದ್ದೂ ಸರಿ, ಚರ್ಮದ ಡಾಕ್ಟರು ಬರೆದದ್ದೂ ಸರಿ. ಆದರೆ ಆ ಕಾಲದ ಜಪಾನಿನಲ್ಲಿ ರೋಗಿಗೆ ಕ್ಯಾನ್ಸರ್ ಎಂದು ಹೇಳುವ ರೂಢಿಯೇ ಕಡಿಮೆ. ಮನೆಯವರಿಗೆ ಗೊತ್ತು, ಡಾಕ್ಟರಿಗೆ ಗೊತ್ತು, ನುಂಗುವವರಿಗೆ ಗೊತ್ತಿಲ್ಲ. ‘ಬೇರೆ ಏನಾದರೂ ಔಷಧ ತೆಗೆದುಕೊಳ್ಳುತ್ತಿದ್ದೀರಾ?’ ಎಂದು ಚರ್ಮದ ಡಾಕ್ಟರು ಕೇಳಿದ್ದರೂ ಅವರೇನು ಹೇಳಬಲ್ಲವರಾಗಿದ್ದರು? ‘ಅಪ್ಪನಿಗೆ ಹೇಳಬೇಡಿ ಡಾಕ್ಟ್ರೆ, ಅಲ್ಸರ್ ಅಂದಿದ್ದೇವೆ’ ಎಂದು ಬಾಗಿಲ ಮರೆಯಲ್ಲಿ ಪಿಸುಗುಡುವ ನಮ್ಮ ಮನೆಗಳಿಗೂ ಆ ದೇಶಕ್ಕೂ ಅಷ್ಟೇನೂ ದೂರವಿಲ್ಲ. ಆ ದುರಂತದ ನಂತರ ಅಲ್ಲಿ ಔಷಧದ ಕೈಪುಸ್ತಕ ಎಂಬುದೊಂದು ಹುಟ್ಟಿಕೊಂಡಿತು. ಯಾವ ಡಾಕ್ಟರು ಏನೇ ಬರೆಯಲಿ, ಔಷಧ ಅಂಗಡಿಯವರು ಅದನ್ನು ರೋಗಿಯ ಒಂದೇ ಪುಸ್ತಕದಲ್ಲಿ ಅಂಟಿಸುತ್ತಾರೆ. 2011ರ ಸುನಾಮಿಯಲ್ಲಿ ಆಸ್ಪತ್ರೆಗಳ ದಾಖಲೆಗಳೇ ಕೊಚ್ಚಿಹೋದಾಗ, ಈ ಪುಸ್ತಕ ಕೈಲಿದ್ದವರಿಗೆ ಅವರ ಮಾತ್ರೆಗಳು ಸುಲಭವಾಗಿ ಸಿಕ್ಕಿದವು.

ಮುಚ್ಚಿಡುವ ಇನ್ನೊಂದು ಮಾತ್ರೆಯೂ ಇದೆ, ಅದರ ಬಗ್ಗೆ ಗಂಡಸರು ಪಾರ್ಕಿನ ಬೆಂಚಿನಲ್ಲೂ ಬಾಯಿ ಬಿಡುವುದಿಲ್ಲ. 1998ರಲ್ಲಿ ಮಾರುಕಟ್ಟೆಗೆ ಬಂದ ಸಿಲ್ಡೆನಾಫಿಲನ್ನು ಮೊದಲು ಪರೀಕ್ಷಿಸಿದ್ದು ಎದೆನೋವಿಗೆ. ಎದೆನೋವಿಗೆ ಅಷ್ಟೇನೂ ಉಪಯೋಗ ಕಾಣಲಿಲ್ಲ, ಬೇರೆ ಉಪಯೋಗ ಕಂಡಿತು. ನಿಜವಾದ ಎದೆನೋವಿಗೆ ನಾಲಿಗೆಯಡಿ ಇಡುವ ಸಾರ್ಬಿಟ್ರೇಟ್ ಅದರ ಜೊತೆಗೆ ಸೇರಿದರೆ ರಕ್ತದೊತ್ತಡ ಪಾತಾಳಕ್ಕಿಳಿಯುತ್ತದೆ. ಆಸ್ಪತ್ರೆಯ ತುರ್ತು ವಿಭಾಗದಲ್ಲಿ ಹೆಂಡತಿ, ಮಗ, ಸೊಸೆ ಮೂವರೂ ಮಂಚದ ಸುತ್ತ ನಿಂತಿರುವಾಗ ‘ನಿನ್ನೆ ರಾತ್ರಿ ಬೇರೇನಾದರೂ ಮಾತ್ರೆ ತಗೊಂಡಿದ್ರಾ?’ ಎಂಬ ಪ್ರಶ್ನೆ ಬರುತ್ತದೆ. ಅನುಭವವುಳ್ಳ ಡಾಕ್ಟರುಗಳು ಮೊದಲು ಸಂಬಂಧಿಕರನ್ನು ಫೈಲ್ ಮಾಡಿಸಲೆಂದು ಕೌಂಟರಿಗೆ ಕಳಿಸಿ ಆಮೇಲೆ ಕೇಳುತ್ತಾರಂತೆ.

ಕೀಟೊಕೊನಜೋಲನ್ನು ಖಳನಾಯಕನಾಗಿಯೇ ಬಿಟ್ಟು ಹೋಗುವುದು ನ್ಯಾಯವಲ್ಲ. ಮೂತ್ರಪಿಂಡ ಕಸಿ ಮಾಡಿಸಿಕೊಂಡವರು ನುಂಗಬೇಕಾದ ಸೈಕ್ಲೊಸ್ಪೊರಿನ್ ಬಹಳ ದುಬಾರಿಯಾಗಿತ್ತು. ಅದನ್ನೂ ಒಡೆಯುವುದು ಅದೇ 3ಎ4. ಕೀಟೊಕೊನಜೋಲನ್ನೋ ಡಿಲ್ಟಿಯಾಜೆಮ್ ಎಂಬ ಬಿಪಿ ಮಾತ್ರೆಯನ್ನೋ ಬೇಕೆಂದೇ ಜೊತೆಗೆ ಕೊಟ್ಟು, ರಕ್ತಪರೀಕ್ಷೆಯ ಕಾವಲಿನಲ್ಲಿ, ಸೈಕ್ಲೊಸ್ಪೊರಿನ್ ಪ್ರಮಾಣವನ್ನು ಎಷ್ಟೋ ತಗ್ಗಿಸುವ ಉಪಾಯವನ್ನು ಭಾರತದ ಮೂತ್ರಪಿಂಡ ತಜ್ಞರು ಬಳಸಿದರು. ಜಮೀನು ಮಾರಿ ಕಸಿ ಮಾಡಿಸಿಕೊಂಡವರಿಗೆ ಉಳಿದ ಜಮೀನು ಹಾಗೆ ಉಳಿಯಿತು. ಒಬ್ಬಳನ್ನು ಮೂರ್ಛೆ ಬೀಳಿಸಿದ ಗುಣವೇ ಇನ್ನೊಬ್ಬನ ಕಿಡ್ನಿಗೆ ಆಸರೆಯಾಯಿತು.

ಬೇಕೆಂದೇ ಜೋಡಿ ಮಾಡುವುದರಲ್ಲಿ ನಮ್ಮವರ ಉತ್ಸಾಹ ಕೆಲವೊಮ್ಮೆ ಮಿತಿಮೀರುವುದೂ ಉಂಟು. ಎರಡು ಮೂರು ಔಷಧಗಳನ್ನು ಒಂದೇ ಮಾತ್ರೆಯಲ್ಲಿ ಸೇರಿಸಿ ಮಾರುವ ಸಂಯುಕ್ತ ಮಾತ್ರೆಗಳು ಇಲ್ಲಿ ಲೆಕ್ಕವಿಲ್ಲದಷ್ಟು. ಬೆಳಗಾವಿಯ ಕೆಎಲ್‌ಇ ವಿಶ್ವವಿದ್ಯಾಲಯದ ಕುಲಪತಿಯಾಗಿದ್ದ ಚಂದ್ರಕಾಂತ ಕೊಕಾಟೆ ಅವರ ಸಮಿತಿ ಅವುಗಳನ್ನು ಜರಡಿ ಹಿಡಿಯಿತು. ಸರ್ಕಾರ 2016ರ ಮಾರ್ಚಿನಲ್ಲಿ ಅಂಥ 344 ಜೋಡಣೆಗಳನ್ನು ನಿಷೇಧಿಸಿತು. ಕಂಪನಿಗಳು ಕೋರ್ಟಿಗೆ ಹೋದವು, ನಿಷೇಧ ಬಿದ್ದುಹೋಯಿತು, ಮತ್ತೆ ವಿಚಾರಣೆಯಾಗಿ 2018ರ ಸೆಪ್ಟೆಂಬರಿನಲ್ಲಿ 328ಕ್ಕೆ ಮತ್ತೆ ನಿಷೇಧ ಬಂತು. ಮಾತ್ರೆಗಳೂ ವ್ಯಾಜ್ಯವಾಡುತ್ತವೆ, ಬೇರೆ ರೀತಿಯಲ್ಲಿ.

ವರದಿ ಮಾಡುವ ವ್ಯವಸ್ಥೆ ನಮ್ಮಲ್ಲೂ ಇದೆ. 2010ರಲ್ಲಿ ಶುರುವಾದ ಭಾರತದ ಔಷಧ ಜಾಗರೂಕತಾ ಕಾರ್ಯಕ್ರಮಕ್ಕೆ ಗಾಜಿಯಾಬಾದ್ ಕೇಂದ್ರ. ಜನಸಾಮಾನ್ಯರು ತುಂಬಬಹುದಾದ ನಮೂನೆ ಕನ್ನಡದಲ್ಲೂ ಉಂಟು. ಡಾಕ್ಟರುಗಳು ತುಂಬುವ ನಮೂನೆಯಲ್ಲಿ, ಅನುಮಾನವಿರುವ ಔಷಧದ ಜೊತೆಗೆ ಇನ್ನೇನೇನು ತೆಗೆದುಕೊಳ್ಳುತ್ತಿದ್ದರು, ತಾವಾಗಿಯೇ ಕೊಂಡದ್ದೇನು, ನಾರುಬೇರು ಯಾವುದು ಎಂದೆಲ್ಲ ಬರೆಯಲು ಪ್ರತ್ಯೇಕ ಜಾಗವಿದೆ. ಆ ಜಾಗ ನೋಡಿದಾಗ ನನಗೆ ಸಂತೋಷವಾಯಿತು. ಕಲ್ಲುಬೆಂಚಿನ ದಾನ, ಬೀದಿ ಕೊನೆಯ ಡಾಕ್ಟರ ದಾಕ್ಷಿಣ್ಯದ ಚೀಟಿ, ಸೊಸೆಯ ಅಮ್ಮ ಕಳಿಸಿದ ಕಷಾಯದ ಪುಡಿ ಎಲ್ಲವೂ ಅಲ್ಲಿ ಹಿಡಿಸುತ್ತವೆ.

ಮಾವನ ಮಾತಾಯಿತು. ದೊಡ್ಡಮ್ಮನದು ಬೇರೆಯೇ ತಕರಾರು. ಅವರಿಗೆ ಥೈರಾಯ್ಡಿನ ಮಾತ್ರೆ ಹಳೆಯದು, ಮೂಳೆಗೆಂದು ಕ್ಯಾಲ್ಸಿಯಂ ಆಮೇಲೆ ಬಂತು, ರಕ್ತ ಕಡಿಮೆ ಎಂದು ಕಬ್ಬಿಣದ ಮಾತ್ರೆ ಇತ್ತೀಚೆಗೆ ಸೇರಿತು. ‘ಮರೆತು ಹೋಗುತ್ತೆ’ ಎಂದು ಮೂರನ್ನೂ ಬೆಳಗಾಗೆದ್ದು ಒಟ್ಟಿಗೇ ಬಾಯಿಗೆ ಹಾಕಿಕೊಂಡು, ಮೇಲೊಂದು ಲೋಟ ಫಿಲ್ಟರ್ ಕಾಫಿ ಕುಡಿಯುತ್ತಿದ್ದರು. ಥೈರಾಯ್ಡ್ ಮಾತ್ರೆಯ ಪ್ರಮಾಣವನ್ನು ಡಾಕ್ಟರು ಏರಿಸಿದರೂ ರಕ್ತಪರೀಕ್ಷೆ ಜಗ್ಗಲಿಲ್ಲ. ಕ್ಯಾಲ್ಸಿಯಂ ಮತ್ತು ಕಬ್ಬಿಣ ಥೈರಾಕ್ಸಿನ್ನನ್ನು ಕರುಳಿನಲ್ಲೇ ಹಿಡಿದಿಟ್ಟುಕೊಳ್ಳುತ್ತವೆ, ನಡುವೆ ನಾಲ್ಕು ಗಂಟೆ ಅಂತರ ಬೇಕು. ಇದನ್ನು ಕೊನೆಗೆ ಪತ್ತೆ ಮಾಡಿದ್ದು ಮೆಡಿಕಲ್ ಸ್ಟೋರಿನ ಫಾರ್ಮಸಿಸ್ಟ್ ಹುಡುಗಿ. ಮೂರೂ ಸ್ಟ್ರಿಪ್ಪುಗಳನ್ನು ಒಟ್ಟಿಗೆ ಕೊಡುವಾಗ ‘ಅಮ್ಮಾ, ಇದನ್ನೆಲ್ಲ ಯಾವ ಯಾವ ಹೊತ್ತಿಗೆ ತಗೋತೀರಾ?’ ಎಂದು ಕೇಳಿದಳು. ಕೇಳಿದ್ದೇ ತಡ, ದೊಡ್ಡಮ್ಮ ಎಲ್ಲ ಹೇಳಿದರು, ಕಾಫಿಪುಡಿಯ ಅಂಗಡಿ ಸಹಿತ.

‘ಕಾಫಿನೂ ಅಡ್ಡ ಬರುತ್ತಮ್ಮಾ’ ಎಂದಳು ಆಕೆ. ನಿಜವೇ. ಥೈರಾಕ್ಸಿನ್ ನುಂಗಿದ ಕೂಡಲೇ ಕಾಫಿ ಕುಡಿದರೆ ಕರುಳು ಔಷಧವನ್ನು ಸರಿಯಾಗಿ ಹೀರುವುದಿಲ್ಲ ಎಂದು ಇಟಲಿಯ ವೈದ್ಯರು 2008ರಲ್ಲಿ ವರದಿ ಮಾಡಿದ್ದಾರೆ. ಕಾಫಿ ವಿಷಯದಲ್ಲಿ ಇಟಲಿಯವರು ಸುಳ್ಳು ಹೇಳಲಾರರು. ಆದರೆ ‘ಒಂದು ಗಂಟೆ ಕಾಯಿರಿ’ ಎಂಬುದನ್ನು ದೊಡ್ಡಮ್ಮ ವಿಚಾರಣೆಗೇ ತೆಗೆದುಕೊಳ್ಳಲಿಲ್ಲ. ಡಾಕ್ಟರಿಗೆ ಫೋನು ಹೋಯಿತು. ರಾತ್ರಿ ಊಟವಾದ ಮೂರು ಗಂಟೆ ಮೇಲೆ ಮಲಗುವಾಗ ತೆಗೆದುಕೊಂಡರೂ ಆದೀತು ಎಂದು ಅವರು ಒಪ್ಪಿದರು. ಅದಕ್ಕಾಗಿ ರಾತ್ರಿಯ ಊಟ ಏಳಕ್ಕೇ ಬಂತು, ದೊಡ್ಡಪ್ಪ ಗೊಣಗಿದರು, ಗೊಣಗಾಟಕ್ಕೆ ಬೆಲೆ ಸಿಗಲಿಲ್ಲ. ಕ್ಯಾಲ್ಸಿಯಂ ಮಧ್ಯಾಹ್ನದ ಊಟದ ಜೊತೆಗೆ ಹೋಯಿತು. ಉಳಿದದ್ದು ಕಬ್ಬಿಣದ ಮಾತ್ರೆ. ಅದು ಕ್ಯಾಲ್ಸಿಯಂ ಜೊತೆ ಬೇಡ, ಥೈರಾಯ್ಡ್ ಮಾತ್ರೆಯ ಹತ್ತಿರ ಬೇಡ, ಕಾಫಿಯ ಆಸುಪಾಸಿನಲ್ಲೂ ಬೇಡ. ಹುಡುಗಿ ಔಷಧದ ಕವರಿನ ಹಿಂದೆ ವೇಳಾಪಟ್ಟಿ ಬರೆಯುತ್ತಾ, ‘ಬೆಳಿಗ್ಗೆ ಹನ್ನೊಂದಕ್ಕೆ ಹಾಕೋಣವಾ ಅಮ್ಮಾ?’ ಎಂದಳು.

‘ಹನ್ನೊಂದಕ್ಕೆ ನಂದು ಎರಡನೇ ಕಾಫಿ ಕಣಮ್ಮಾ.’

‘ಹಾಗಾದರೆ ಸಾಯಂಕಾಲ ನಾಲ್ಕೂವರೆಗೆ?’

ದೊಡ್ಡಮ್ಮ ನನ್ನ ಮುಖ ನೋಡಿದರು. ನಾಲ್ಕೂವರೆಗೆ ಏನೆಂದು ಆ ಮನೆಗೆ ಹೋಗಿಬಂದವರಿಗೆಲ್ಲ ಗೊತ್ತು. ಹುಡುಗಿ ಕೇಳದೆಯೇ ಅದನ್ನು ಹೊಡೆದು ಹಾಕಿ, ಪೆನ್ನಿನ ತುದಿ ಕಚ್ಚಿಕೊಂಡು, ಕಬ್ಬಿಣದ ಮಾತ್ರೆಗೆ ಬೇರೆ ಹೊತ್ತು ಹುಡುಕತೊಡಗಿದಳು.